ಕೊಟ್ಟ ಕೈಯೇ ಕಿತ್ತುಕೊಂಡ ಅಧಿಕಾರ: ಬಿ.ಪಿ. ಕೊಯಿರಾಲಾ ಅವರ ಹದಿನೆಂಟು ತಿಂಗಳು

ರಾಜನಿರುವ ದೇಶದಲ್ಲಿ ಪ್ರಧಾನಿಯ ಸ್ಥಾನ ಯಾವುದು? ಈ ಪ್ರಶ್ನೆಗೆ ನೇಪಾಳದ ಇತಿಹಾಸ ಒಂದಲ್ಲ, ಹಲವು ಉತ್ತರಗಳನ್ನು ಕೊಟ್ಟಿದೆ. 1846ರಿಂದ 1951ರವರೆಗೆ ಅಲ್ಲಿ ಪ್ರಧಾನಿಯೇ ದೇಶ ಆಳುತ್ತಿದ್ದ. ದೊರೆ ತನ್ನ ಅರಮನೆಯಲ್ಲೇ ಸೆರೆಯಾಳಿನಂತಿದ್ದ. 1960ರ ಕೊನೆಯಿಂದ ಮುಂದಿನ ಮೂವತ್ತು ವರ್ಷ ದೊರೆಯೇ ಆಳಿದ. ಪ್ರಧಾನಿಗಳು ಅವನ ಇಚ್ಛೆಯಂತೆ ಬಂದರು, ಹೋದರು. ಈ ಎರಡು ಕಾಲಗಳ ನಡುವಿನ ಕಿರಿದಾದ ಸಂದಿಯಲ್ಲಿ, 1959ರ ಮೇ 27ರಿಂದ 1960ರ ಡಿಸೆಂಬರ್ 15ರವರೆಗೆ, ಜನ ಮತ ಹಾಕಿ ಆರಿಸಿದ ಪ್ರಧಾನಿಯೊಬ್ಬರಿದ್ದರು. ಅವರೇ ವಿಶ್ವೇಶ್ವರ ಪ್ರಸಾದ್ ಕೊಯಿರಾಲಾ. ನೇಪಾಳಿಗಳ ಬಾಯಲ್ಲಿ ಬರೀ 'ಬಿ.ಪಿ.'

109 ಸ್ಥಾನಗಳ ಸಭೆಯಲ್ಲಿ ಅವರ ಪಕ್ಷಕ್ಕೆ 74 ಸ್ಥಾನ, ಅಂದರೆ ಮೂರನೇ ಎರಡಕ್ಕಿಂತ ಹೆಚ್ಚಿನ ಬಹುಮತ ಇತ್ತು. ಪಕ್ಷ ಒಡೆದಿರಲಿಲ್ಲ, ಅವಿಶ್ವಾಸ ಗೊತ್ತುವಳಿಯಲ್ಲಿ ಸರ್ಕಾರ ಸೋತಿರಲಿಲ್ಲ. ಆದರೂ ಒಂದೇ ದಿನದಲ್ಲಿ ಸರ್ಕಾರ ಹೋಯಿತು, ಸಂಸತ್ತು ಹೋಯಿತು, ಪ್ರಧಾನಿ ಸೆರೆಮನೆ ಸೇರಿದರು. ಇದು ಹೇಗೆ ಸಾಧ್ಯವಾಯಿತು? ಉತ್ತರ ಆ ದಿನದ ಘಟನೆಗಳಲ್ಲಿಲ್ಲ. ಅದಕ್ಕೆ ಒಂಬತ್ತು ವರ್ಷ ಮೊದಲು ಜನರಿಗೆ ಕೊಟ್ಟ ಒಂದು ಮಾತಿನಲ್ಲಿದೆ.

ಹರಕು ಬಟ್ಟೆಯ ಪಾರ್ಸೆಲ್

1846ರಲ್ಲಿ ಜಂಗ್ ಬಹಾದ್ದೂರ್ ಎಂಬ ಸೇನಾಧಿಕಾರಿ ಕಠ್ಮಂಡುವಿನ ಅರಮನೆಗೆ ಸೇರಿದ 'ಕೋತ್' ಎಂಬ ಶಸ್ತ್ರಾಗಾರದ ಅಂಗಳದಲ್ಲಿ ತನ್ನ ಎದುರಾಳಿಗಳನ್ನು ಕೊಲ್ಲಿಸಿ ಅಧಿಕಾರ ಹಿಡಿದ. ಅವನ ವಂಶದವರೇ ರಾಣಾಗಳು. ಪ್ರಧಾನಿ ಪದವಿ ಅವರ ಮನೆಯ ಆಸ್ತಿಯಾಯಿತು. ಅಣ್ಣನಿಂದ ತಮ್ಮನಿಗೆ, ಒಂದು ಶಾಖೆಯಿಂದ ಇನ್ನೊಂದಕ್ಕೆ ದಾಟುತ್ತ ಹೋಯಿತು. ದೇಶದ ಬೊಕ್ಕಸ ಮತ್ತು ರಾಣಾ ಪ್ರಧಾನಿಯ ಜೇಬು ಎಂಬ ವ್ಯತ್ಯಾಸವೇ ಇರಲಿಲ್ಲ.

ಇಂಥ ಕಾಲದಲ್ಲಿ ಪೂರ್ವ ನೇಪಾಳದ ಬಿರಾಟ್‌ನಗರದಲ್ಲಿದ್ದ ಕೃಷ್ಣ ಪ್ರಸಾದ್ ಕೊಯಿರಾಲಾ ಎಂಬ ವರ್ತಕರು ಒಂದು ಸಾಹಸ ಮಾಡಿದರು. ಬೆಟ್ಟದಿಂದ ಇಳಿದುಬಂದ ಬಡವರು ತೊಟ್ಟಿದ್ದ ಹರಕು ಬಟ್ಟೆಗಳನ್ನು ಪಾರ್ಸೆಲ್ ಕಟ್ಟಿ ಪ್ರಧಾನಿ ಚಂದ್ರ ಶಂಶೇರ್ ಅವರಿಗೆ ಕಳಿಸಿದರು. ನಿಮ್ಮ ಪ್ರಜೆ ಉಡುವುದು ಇದು, ನೀವು ಉಡುವುದರ ಜೊತೆ ಹೋಲಿಸಿ ನೋಡಿ ಎಂಬುದು ಅದರ ಅರ್ಥ. ಪ್ರಧಾನಿಗೆ ಅರ್ಥವಾಯಿತು. ಕೊಯಿರಾಲಾ ಕುಟುಂಬ ಆಸ್ತಿಪಾಸ್ತಿ ಕಳೆದುಕೊಂಡು ಭಾರತಕ್ಕೆ ಓಡಬೇಕಾಯಿತು. ಮುಂದೆ ಮರಳಿ ಬಂದ ಕೃಷ್ಣ ಪ್ರಸಾದರು ರಾಣಾಗಳ ಜೈಲಿನಲ್ಲೇ ಕಣ್ಣು ಮುಚ್ಚಿದರು.

ಅವರ ಮಗ ಬಿ.ಪಿ. ಹುಟ್ಟಿದ್ದು 1914ರ ಸೆಪ್ಟೆಂಬರ್ 8ರಂದು, ಕಾಶಿಯಲ್ಲಿ. ಬೆಳೆದದ್ದು ಬಿಹಾರ ಮತ್ತು ಕಾಶಿಯಲ್ಲಿ, ದೇಶಭ್ರಷ್ಟರ ಮನೆಯ ಕಷ್ಟದಲ್ಲಿ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಬಿ.ಎ., ಕಲ್ಕತ್ತೆಯಲ್ಲಿ ಕಾನೂನು ಓದಿ ಡಾರ್ಜಿಲಿಂಗ್‌ನಲ್ಲಿ ವಕೀಲಿ ಆರಂಭಿಸಿದರು. ಆದರೆ ಮನಸ್ಸು ಭಾರತದ ಸ್ವಾತಂತ್ರ್ಯ ಚಳವಳಿಯಲ್ಲಿತ್ತು. ಕಾಂಗ್ರೆಸ್ ಸಮಾಜವಾದಿಗಳ ಗುಂಪಿನಲ್ಲಿ ಜಯಪ್ರಕಾಶ್ ನಾರಾಯಣ್ ಮತ್ತು ರಾಮಮನೋಹರ ಲೋಹಿಯಾ ಅವರ ಒಡನಾಟ ದೊರೆಯಿತು. 1942ರ ಚಲೇಜಾವ್ ಚಳವಳಿಯಲ್ಲಿ ಬ್ರಿಟಿಷರು ಅವರನ್ನು ಹಿಡಿದು ಸುಮಾರು ಮೂರು ವರ್ಷ ಸೆರೆಯಲ್ಲಿಟ್ಟರು. 1951ರಲ್ಲಿ ಸಾಗರದ ಕಾಗೋಡು ಗೇಣಿದಾರರ ಸತ್ಯಾಗ್ರಹಕ್ಕೆ ಬಂದು ಬಂಧನಕ್ಕೊಳಗಾದ ಲೋಹಿಯಾ ಕನ್ನಡಿಗರಿಗೆ ಪರಿಚಿತರೇ. ಉಳುವವನ ಪರವಾಗಿ ನಿಲ್ಲುವ ಅದೇ ಸಮಾಜವಾದದ ಪಾಠಶಾಲೆಯಲ್ಲಿ ಬಿ.ಪಿ. ಕೂಡ ಕಲಿತವರು. 1949ರಲ್ಲಿ ಬಿ.ಪಿ. ರಾಣಾಗಳ ಸೆರೆಯಲ್ಲಿ ಉಪವಾಸ ಕೂತಿದ್ದಾಗ, ದೆಹಲಿಯ ನೇಪಾಳ ರಾಯಭಾರ ಕಚೇರಿಯ ಮುಂದೆ ಪ್ರತಿಭಟಿಸಿ ಜೈಲಿಗೆ ಹೋದವರು ಇದೇ ಲೋಹಿಯಾ.

ಬಿ.ಪಿ.ಗೆ ಇನ್ನೊಂದು ಮುಖವೂ ಇತ್ತು. 1935ರಲ್ಲಿ 'ಶಾರದಾ' ಪತ್ರಿಕೆಯಲ್ಲಿ ಅಚ್ಚಾದ 'ಚಂದ್ರವದನ' ಎಂಬ ಕಥೆಯಿಂದ ಅವರು ನೇಪಾಳಿ ಸಾಹಿತ್ಯಕ್ಕೆ ಕಾಲಿಟ್ಟರು. ಮನಸ್ಸಿನ ಒಳತೋಟಿಯನ್ನು ಬಿಡಿಸಿ ಹೇಳುವ ಕಥೆಗಳನ್ನು ನೇಪಾಳಿ ಭಾಷೆಗೆ ತಂದವರಲ್ಲಿ ಅವರು ಮೊದಲಿಗರು. ರಾಜಕಾರಣದಲ್ಲಿ ಮುಳುಗಿದ್ದಾಗ ಬರೆಯಲು ಸಮಯವಿರಲಿಲ್ಲ. ಆ ಸಮಯವನ್ನು ಒದಗಿಸಿದ್ದು ಜೈಲುಗಳು.

ಅರಮನೆಯಿಂದ ಓಡಿಹೋದ ದೊರೆ

1947ರ ಜನವರಿಯಲ್ಲಿ ಕಲ್ಕತ್ತೆಯಲ್ಲಿ ನೇಪಾಳಿ ರಾಷ್ಟ್ರೀಯ ಕಾಂಗ್ರೆಸ್ ಹುಟ್ಟಿತು. ಮಾರ್ಚ್‌ನಲ್ಲಿ ಬಿರಾಟ್‌ನಗರದ ಸೆಣಬಿನ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದಾಗ ಬಿ.ಪಿ. ಮುಂದೆ ನಿಂತರು. ರಾಣಾ ಸೈನಿಕರು ಅವರನ್ನೂ ಜೊತೆಗಾರರನ್ನೂ ಹಿಡಿದು ಬೆಟ್ಟಗುಡ್ಡಗಳ ಹಾದಿಯಲ್ಲಿ ನಡೆಸಿಕೊಂಡೇ ಕಠ್ಮಂಡುವಿಗೆ ಒಯ್ದರು. 1950ರಲ್ಲಿ ಇನ್ನೊಂದು ಗುಂಪಿನ ಜೊತೆ ಸೇರಿ ಪಕ್ಷ 'ನೇಪಾಳಿ ಕಾಂಗ್ರೆಸ್' ಆಯಿತು. ಆ ಗುಂಪಿನ ಮುಖಂಡರಾಗಿದ್ದ ಸುವರ್ಣ ಶಂಶೇರ್ ಸ್ವತಃ ರಾಣಾ ಮನೆತನದವರು. ಅಧಿಕಾರದ ಸಾಲಿನಿಂದ ಹೊರದೂಡಲ್ಪಟ್ಟ ಶಾಖೆಗೆ ಸೇರಿದವರು.

ಆ ವರ್ಷದ ನವೆಂಬರ್ 6ರಂದು ಯಾರೂ ಊಹಿಸದ ಘಟನೆ ನಡೆಯಿತು. ದೊರೆ ತ್ರಿಭುವನ್ ಕುಟುಂಬದೊಡನೆ ವಿಹಾರಕ್ಕೆ ಹೊರಟಂತೆ ಮಾಡಿ, ಕಾರುಗಳನ್ನು ಭಾರತದ ರಾಯಭಾರ ಕಚೇರಿಯೊಳಕ್ಕೆ ತಿರುಗಿಸಿಬಿಟ್ಟರು. ಅರಮನೆಯಲ್ಲಿ ಉಳಿದಿದ್ದ ಮೂರು ವರ್ಷದ ಮೊಮ್ಮಗ ಜ್ಞಾನೇಂದ್ರನನ್ನು ರಾಣಾಗಳು ಸಿಂಹಾಸನದ ಮೇಲೆ ಕೂರಿಸಿದರು. ತ್ರಿಭುವನ್ ವಿಮಾನದಲ್ಲಿ ದೆಹಲಿಗೆ ಬಂದರು. ಗಡಿಯುದ್ದಕ್ಕೂ ನೇಪಾಳಿ ಕಾಂಗ್ರೆಸ್ಸಿನ ಸಶಸ್ತ್ರ ದಂಗೆ ಶುರುವಾಯಿತು. ಬೀರ್‌ಗಂಜ್ ಪಟ್ಟಣ ದಂಗೆಕೋರರ ವಶವಾಯಿತು. ಕೊನೆಗೆ ದೆಹಲಿಯಲ್ಲಿ ದೊರೆ, ರಾಣಾ, ಕಾಂಗ್ರೆಸ್ ಮೂವರನ್ನೂ ಸೇರಿಸಿ ರಾಜಿ ಮಾಡಿಸಲಾಯಿತು.

1951ರ ಫೆಬ್ರುವರಿ 18ರಂದು ಕಠ್ಮಂಡುವಿಗೆ ಮರಳಿದ್ದ ದೊರೆ ತ್ರಿಭುವನ್ ಒಂದು ಘೋಷಣೆ ಹೊರಡಿಸಿದರು. ಇನ್ನು ಮುಂದೆ ಪ್ರಜೆಗಳ ಆಡಳಿತವು ಅವರೇ ಆರಿಸಿದ ಸಂವಿಧಾನ ರಚನಾ ಸಭೆ ಸಿದ್ಧಪಡಿಸುವ ಸಂವಿಧಾನದ ಪ್ರಕಾರ ನಡೆಯುತ್ತದೆ ಎಂಬುದು ಅದರ ತಿರುಳು. ಲೇಖನದ ಆರಂಭದಲ್ಲಿ ಹೇಳಿದ ಮಾತು ಇದೇ.

ಬದಲಾದ ಮಾತು

ರಾಜಿಯ ಫಲವಾಗಿ ಬಂದ ಸಂಮಿಶ್ರ ಸರ್ಕಾರದಲ್ಲಿ ಕೊನೆಯ ರಾಣಾ ಪ್ರಧಾನಿ ಮೋಹನ್ ಶಂಶೇರ್ ಮುಖ್ಯಸ್ಥರು, ಬಿ.ಪಿ. ಗೃಹ ಸಚಿವರು. ಹಾವು ಮುಂಗುಸಿಗಳ ಈ ಸಂಸಾರ ಒಂಬತ್ತು ತಿಂಗಳಲ್ಲಿ ಮುರಿಯಿತು. 1951ರ ನವೆಂಬರ್‌ನಲ್ಲಿ ದೊರೆ ಪ್ರಧಾನಿಯನ್ನಾಗಿ ಆರಿಸಿದ್ದು ಬಿ.ಪಿ.ಯನ್ನಲ್ಲ, ಅವರ ಮಲ ಅಣ್ಣ ಮಾತೃಕಾ ಪ್ರಸಾದ್ ಕೊಯಿರಾಲಾ ಅವರನ್ನು. ಅಣ್ಣತಮ್ಮಂದಿರ ಜಗಳ ಪಕ್ಷವನ್ನೇ ಒಡೆಯಿತು. ಅರಮನೆಗೆ ಬೇಕಾದದ್ದೂ ಅದೇ. ರಾಣಾಗಳಿಂದ ಬಿಡುಗಡೆ ಪಡೆದ ಸಿಂಹಾಸನ ಮೆಲ್ಲಗೆ ಆ ಖಾಲಿ ಜಾಗವನ್ನು ತಾನೇ ತುಂಬತೊಡಗಿತ್ತು.

1955ರ ಮಾರ್ಚ್‌ನಲ್ಲಿ ತ್ರಿಭುವನ್ ತೀರಿಕೊಂಡು ಮಗ ಮಹೇಂದ್ರ ಪಟ್ಟಕ್ಕೆ ಬಂದರು. ತಂದೆಯಂತೆ ಇವರು ಮೆತ್ತಗಿನವರಲ್ಲ. ಸರ್ಕಾರಗಳು ಬಂದವು, ಹೋದವು. ಚುನಾವಣೆ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಚುನಾವಣೆಗಾಗಿ ಕಾಂಗ್ರೆಸ್ ಸತ್ಯಾಗ್ರಹ ಹೂಡಿದ ಮೇಲೆ, 1958ರ ಫೆಬ್ರುವರಿಯಲ್ಲಿ, ಮುಂದಿನ ವರ್ಷ ಮತದಾನ ನಡೆಯುವುದೆಂದು ದೊರೆ ಪ್ರಕಟಿಸಿದರು. ಆದರೆ ಆ ಮತದಾನ ಸಂವಿಧಾನ ರಚನಾ ಸಭೆಗಲ್ಲ, ಸಾಮಾನ್ಯ ಸಂಸತ್ತಿಗೆ. ಸಂವಿಧಾನವನ್ನು ದೊರೆಯೇ ದಯಪಾಲಿಸುವರು.

ಮೇಲುನೋಟಕ್ಕೆ ಇದು ಸಣ್ಣ ಬದಲಾವಣೆ. ಆದರೆ ವ್ಯತ್ಯಾಸ ಬಹಳ ದೊಡ್ಡದು. ಜನ ಆರಿಸಿದ ಸಭೆ ಸಂವಿಧಾನ ಬರೆದರೆ ಅಧಿಕಾರದ ಬೇರು ಜನರಲ್ಲಿರುತ್ತದೆ; ದೊರೆಯ ಸ್ಥಾನವನ್ನೂ ಆ ಸಭೆಯೇ ಗೊತ್ತು ಮಾಡುತ್ತದೆ. ದೊರೆ ಸಂವಿಧಾನ ಕೊಟ್ಟರೆ ಬೇರು ಅರಮನೆಯಲ್ಲಿರುತ್ತದೆ. ಸಂಸತ್ತು ಅದರ ಒಂದು ಕೊಂಬೆ ಮಾತ್ರ. ಬಿ.ಪಿ. ಮತ್ತು ಅವರ ಪಕ್ಷ ಇದನ್ನು ತಿಳಿಯದವರಲ್ಲ. ಆದರೂ ಒಪ್ಪಿದರು. ಎಂಟು ವರ್ಷ ಒಂದು ಚುನಾವಣೆಯನ್ನೂ ಕಾಣದ ದೇಶದಲ್ಲಿ ಕೈಗೆ ಬಂದ ಚುನಾವಣೆಯನ್ನು ಬೇಡವೆನ್ನುವುದು ಕಷ್ಟವಿತ್ತು.

ಬ್ರಿಟಿಷ್ ತಜ್ಞ ಐವರ್ ಜೆನ್ನಿಂಗ್ಸ್ ಅವರ ನೆರವಿನಿಂದ ಸಿದ್ಧವಾದ ಸಂವಿಧಾನ 1959ರ ಫೆಬ್ರುವರಿ 12ರಂದು ಪ್ರಕಟವಾಯಿತು; ಮತದಾನ ಆರಂಭವಾಗಲು ಉಳಿದಿದ್ದದ್ದು ಆರೇ ದಿನ. ಕೆಳಮನೆಗೆ 109 ಚುನಾಯಿತ ಸದಸ್ಯರು. 36 ಸದಸ್ಯರ ಮೇಲ್ಮನೆಯಲ್ಲಿ ಅರ್ಧದಷ್ಟು ದೊರೆಯ ನಾಮಕರಣ. ಸೇನೆಯ ಮೇಲೆ ದೊರೆಗೇ ಹಿಡಿತ. 55ನೇ ವಿಧಿಯ ಪ್ರಕಾರ ತುರ್ತುಪರಿಸ್ಥಿತಿ ಘೋಷಿಸಿ ಎಲ್ಲ ಅಧಿಕಾರವನ್ನೂ ತನ್ನ ಕೈಗೆ ತೆಗೆದುಕೊಳ್ಳುವ ಹಕ್ಕೂ ದೊರೆಗೆ ಇತ್ತು.

ಹದಿನೆಂಟು ತಿಂಗಳ ಕೆಲಸ

ರಸ್ತೆಗಳಿಲ್ಲದ, ಓದು ಬರಹ ಬಲ್ಲವರು ವಿರಳವಾಗಿದ್ದ ದೇಶದಲ್ಲಿ ಮತದಾನ ಹಂತಹಂತವಾಗಿ ಒಂದೂವರೆ ತಿಂಗಳು ನಡೆಯಿತು. ಯಾವ ಪಕ್ಷಕ್ಕೂ ಬಹುಮತ ಬಾರದು, ದೊರೆಯ ಮಾತೇ ನಡೆಯುವುದು ಎಂದು ಎಣಿಸಿದ್ದವರಿಗೆ ಫಲಿತಾಂಶ ಅಚ್ಚರಿ ತಂದಿತು. ನೇಪಾಳಿ ಕಾಂಗ್ರೆಸ್ 74, ರಾಣಾ ಪಕ್ಷಪಾತಿಗಳ ಗೋರ್ಖಾ ಪರಿಷತ್ 19, ಕಮ್ಯುನಿಸ್ಟರು 4. ಉಳಿದವು ಸಣ್ಣ ಪಕ್ಷಗಳಿಗೂ ಪಕ್ಷೇತರರಿಗೂ. ಮೇ 27ರಂದು ಬಿ.ಪಿ. ಪ್ರಮಾಣವಚನ ಸ್ವೀಕರಿಸಿದರು. ಆಯ್ಕೆಯಾಗಿದ್ದ ಏಕೈಕ ಮಹಿಳೆ ದ್ವಾರಿಕಾದೇವಿ ಠಕುರಾನಿ ಉಪಸಚಿವೆಯಾದರು.

ಸರ್ಕಾರ ಮೊದಲು ಕೈ ಹಾಕಿದ್ದು ಭೂಮಿಯ ಪ್ರಶ್ನೆಗೆ. ನೇಪಾಳದಲ್ಲಿ 'ಬಿರ್ತಾ' ಎಂಬ ಪದ್ಧತಿಯಿತ್ತು. ನಮ್ಮ ಇನಾಂ, ಉಂಬಳಿಗಳಂತೆ ದೊರೆಗಳೂ ರಾಣಾ ಪ್ರಧಾನಿಗಳೂ ತಮಗೆ ಬೇಕಾದವರಿಗೆ ಕೊಟ್ಟ ಭೂಮಿ ಅದು, ಬಹುಪಾಲು ಕಂದಾಯಮುಕ್ತ. ದೇಶದ ಭೂಮಿಯಲ್ಲಿ ಮೂರನೇ ಒಂದು ಭಾಗದಷ್ಟು ಬಿರ್ತಾ ಆಗಿತ್ತೆಂಬ ಅಂದಾಜಿದೆ. ಅದರಲ್ಲೂ ದೊಡ್ಡ ಪಾಲು ರಾಣಾ ಕುಟುಂಬಗಳ ಕೈಯಲ್ಲಿತ್ತು. 1959ರಲ್ಲೇ ಬಿರ್ತಾ ರದ್ದತಿಯ ಕಾನೂನು ಬಂದಿತು. ಯೋಜನೆ ಸಿದ್ಧಪಡಿಸುವ ಅಧಿಕಾರಿಗಳು ತಮ್ಮ ಕೋಣೆಯ ಗೋಡೆಗೆ ನೇಗಿಲು ಹಿಡಿದ ರೈತನ ಚಿತ್ರ ತೂಗುಹಾಕಿಕೊಳ್ಳಬೇಕು, ಪ್ರತಿ ಯೋಜನೆಯಿಂದ ಅವನಿಗೇನು ಸಿಗುತ್ತದೆಂದು ಕೇಳಿಕೊಳ್ಳಬೇಕು ಎಂಬರ್ಥದ ಬಿ.ಪಿ. ಅವರ ಮಾತು ನೇಪಾಳದಲ್ಲಿ ಇಂದಿಗೂ ನೆನಪಿನಲ್ಲಿದೆ.

ವಿದೇಶ ವ್ಯವಹಾರದಲ್ಲಿ ಅವರ ದಾರಿ ಇನ್ನೂ ಕಠಿಣ. 1959ರಲ್ಲಿ ಟಿಬೆಟ್ಟಿನ ದಂಗೆಯ ನಂತರ ಭಾರತ ಮತ್ತು ಚೀನಾ ನಡುವೆ ಬಿರುಕು ಬೆಳೆಯುತ್ತಿತ್ತು. ಆ ನವೆಂಬರ್‌ನಲ್ಲಿ ನೇಪಾಳದ ಮೇಲಿನ ಆಕ್ರಮಣವನ್ನು ಭಾರತದ ಮೇಲಿನ ಆಕ್ರಮಣವೆಂದೇ ಪರಿಗಣಿಸುವುದಾಗಿ ನೆಹರೂ ಹೇಳಿದಾಗ, ನೇಪಾಳ ಸಾರ್ವಭೌಮ ದೇಶ, ನೆರವು ಬೇಕೋ ಬೇಡವೋ ಎಂಬುದನ್ನು ತಾನೇ ತೀರ್ಮಾನಿಸುತ್ತದೆ ಎಂದು ಬಿ.ಪಿ. ಸ್ಪಷ್ಟಪಡಿಸಿದರು. ಭಾರತದ ಜೈಲಿನಲ್ಲಿದ್ದು ಭಾರತದ ಸ್ವಾತಂತ್ರ್ಯಕ್ಕೆ ಹೋರಾಡಿದವರು ಆಡಿದ ಮಾತಿದು. ಅದೇ ಡಿಸೆಂಬರ್‌ನಲ್ಲಿ ಭಾರತದೊಡನೆ ಗಂಡಕ್ ನದಿ ಒಪ್ಪಂದಕ್ಕೂ ಅವರ ಸರ್ಕಾರ ಸಹಿ ಹಾಕಿತು. 1960ರ ಮಾರ್ಚ್‌ನಲ್ಲಿ ಚೀನಾಕ್ಕೆ ಹೋಗಿ ಗಡಿ ಒಪ್ಪಂದ ಮಾಡಿಕೊಂಡರು. ಎವರೆಸ್ಟ್ ಶಿಖರದ ಮೇಲೆ ಚೀನಾ ಹಕ್ಕು ಎತ್ತಿದಾಗ ಅದನ್ನು ಒಪ್ಪಲಿಲ್ಲ. ಅದೇ ವರ್ಷ ಇಸ್ರೇಲ್ ಜೊತೆ ರಾಜತಾಂತ್ರಿಕ ಸಂಬಂಧ ಬೆಳೆಸಿದರು. ಭಾರತ ಆ ಮಟ್ಟದ ಪೂರ್ಣ ಸಂಬಂಧಕ್ಕೆ ಬಂದದ್ದು 1992ರಲ್ಲಿ.

ಇಷ್ಟೆಲ್ಲ ನಡೆಯುತ್ತಿದ್ದಾಗ ಬಿರ್ತಾ ಕಳೆದುಕೊಂಡವರು, ಚುನಾವಣೆಯಲ್ಲಿ ಸೋತವರು, ತೆರಿಗೆಗೆ ಸಿಟ್ಟಾದವರು ಒಬ್ಬೊಬ್ಬರಾಗಿ ಅರಮನೆಯ ಕಡೆ ಮುಖ ಮಾಡಿದ್ದರು. ಅಲ್ಲಲ್ಲಿ ಗಲಭೆಗಳಾದವು. ದೇಶ ವಿದೇಶಗಳಲ್ಲಿ ಹೆಸರು ಗಳಿಸುತ್ತಿದ್ದ ಪ್ರಧಾನಿ, ಎಲ್ಲ ಅಧಿಕಾರವನ್ನೂ ತನ್ನಲ್ಲೇ ಇರಿಸಿಕೊಳ್ಳಬಯಸುವ ದೊರೆ: ಒಂದು ಒರೆಯಲ್ಲಿ ಎರಡು ಕತ್ತಿ.

1960ರ ಡಿಸೆಂಬರ್ 15ರಂದು ಕಠ್ಮಂಡುವಿನ ಥಾಪಾಥಲಿಯಲ್ಲಿ ಪಕ್ಷದ ಯುವಘಟಕದ ಸಮಾವೇಶದಲ್ಲಿದ್ದ ಬಿ.ಪಿ.ಯನ್ನು ಸೇನೆ ಬಂಧಿಸಿತು. ಸಂಪುಟದ ಸಚಿವರೂ ಸೆರೆಯಾದರು. ಸರ್ಕಾರ ಆಡಳಿತದಲ್ಲಿ ವಿಫಲವಾಗಿದೆ, ಭ್ರಷ್ಟಾಚಾರಕ್ಕೆ ಅವಕಾಶ ಕೊಟ್ಟಿದೆ ಎಂದು ಆರೋಪಿಸಿ ದೊರೆ ಸಂಸತ್ತನ್ನು ವಿಸರ್ಜಿಸಿದರು. ಬಳಸಿದ ಅಸ್ತ್ರ ಅದೇ 55ನೇ ವಿಧಿ. ಮುಂದಿನ ತಿಂಗಳು ಎಲ್ಲ ಪಕ್ಷಗಳೂ ನಿಷೇಧಕ್ಕೊಳಗಾದವು. ಬಿ.ಪಿ. ಸಂಪುಟದಲ್ಲೇ ಸಚಿವರಾಗಿದ್ದ ತುಳಸಿ ಗಿರಿ ದೊರೆಯ ಪಾಳಯ ಸೇರಿ ಉನ್ನತ ಪದವಿಗೇರಿದರು. 1962ರ ಡಿಸೆಂಬರ್‌ನಲ್ಲಿ ನೇಪಾಳದ ಮಣ್ಣಿಗೆ ಒಗ್ಗುವ ವ್ಯವಸ್ಥೆ ಎಂಬ ಹೆಸರಿನಲ್ಲಿ ಪಕ್ಷರಹಿತ 'ಪಂಚಾಯತಿ' ಪದ್ಧತಿ ಬಂದಿತು. ಗಮನಿಸಬೇಕಾದ ಸಂಗತಿಯೆಂದರೆ, ದೊರೆ ಬಿ.ಪಿ.ಯನ್ನು ಇಳಿಸಿದರೇ ಹೊರತು ಬಿರ್ತಾ ರದ್ದತಿಯ ಕಾನೂನನ್ನು ತೆಗೆಯಲಿಲ್ಲ.

ಸುಂದರಿಜಲದಿಂದ ಕಾಶಿಗೆ

ವಿಚಾರಣೆಯಿಲ್ಲದೆ ಸುಮಾರು ಎಂಟು ವರ್ಷ ಬಿ.ಪಿ. ಕಠ್ಮಂಡುವಿನ ಹೊರವಲಯದ ಸುಂದರಿಜಲದ ಸೇನಾ ಶಿಬಿರದಲ್ಲಿ ಸೆರೆಯಿದ್ದರು. ಜೊತೆಗೆ ಗಣೇಶ್‌ಮಾನ್ ಸಿಂಗ್ ಮೊದಲಾದ ಸಂಗಾತಿಗಳು. ಕಲ್ಕತ್ತೆಯಲ್ಲಿದ್ದುದರಿಂದ ಬಂಧನ ತಪ್ಪಿಸಿಕೊಂಡ ಸುವರ್ಣ ಶಂಶೇರ್ ಗಡಿಯಾಚೆಯಿಂದ ಸಶಸ್ತ್ರ ಹೋರಾಟ ನಡೆಸಿದರಾದರೂ, 1962ರ ಭಾರತ-ಚೀನಾ ಯುದ್ಧದ ಹೊತ್ತಿಗೆ ಅದನ್ನು ನಿಲ್ಲಿಸಿದರು. ಸೆರೆಯಲ್ಲಿ ಬಿ.ಪಿ. ಮತ್ತೆ ಲೇಖಕರಾದರು. ಬ್ರಾಹ್ಮಣ ಹುಡುಗ ಸೋಮದತ್ತ ಮತ್ತು ಕಿರಾತ ಹುಡುಗಿಯ ಕಥೆಯಾದ 'ಸುಮ್ನಿಮಾ' ಬರೆದದ್ದು ಅಲ್ಲಿಯೇ.

1968ರ ಅಕ್ಟೋಬರ್ 30ರಂದು ಬಿಡುಗಡೆಯಾದ ಬಿ.ಪಿ. ಭಾರತಕ್ಕೆ ಬಂದು ಕಾಶಿಯಲ್ಲಿ ನೆಲೆಸಿದರು. ಮತ್ತೆ ಶಸ್ತ್ರ ಹಿಡಿಯುವ ದಾರಿಯನ್ನೇ ಆರಿಸಿಕೊಂಡರು. 1973ರ ಜೂನ್ 10ರಂದು ಅವರ ಪಕ್ಷದ ಯುವಕರು ಬಿರಾಟ್‌ನಗರದಿಂದ ಹೊರಟ ವಿಮಾನವನ್ನು ಅಪಹರಿಸಿ ಬಿಹಾರದ ಫೋರ್ಬ್ಸ್‌ಗಂಜ್‌ನಲ್ಲಿ ಇಳಿಸಿ, ಅದರಲ್ಲಿದ್ದ ನೇಪಾಳದ ಬ್ಯಾಂಕಿನ 30 ಲಕ್ಷ ಭಾರತೀಯ ರೂಪಾಯಿ ಒಯ್ದರು. ಹಿಂದಿ ಚಿತ್ರತಾರೆ ಮಾಲಾ ಸಿನ್ಹಾ ಆ ವಿಮಾನದಲ್ಲಿದ್ದರು. ಇದರ ಹಿಂದಿದ್ದವರಲ್ಲಿ ಬಿ.ಪಿ. ಅವರ ತಮ್ಮ ಗಿರಿಜಾ ಪ್ರಸಾದ್ ಒಬ್ಬರು. ಪ್ರಜಾಪ್ರಭುತ್ವದ ಹೆಸರಿನಲ್ಲಿ ನಡೆದ ಈ ಕೃತ್ಯ ಅವರ ರಾಜಕೀಯ ಬದುಕಿನ ವಿವಾದಾಸ್ಪದ ಅಧ್ಯಾಯ.

1975 ಅವರ ಲೆಕ್ಕಾಚಾರವನ್ನು ಬದಲಿಸಿತು. ಆ ವರ್ಷ ಸಿಕ್ಕಿಂ ಭಾರತದಲ್ಲಿ ವಿಲೀನವಾಯಿತು. ಜೂನ್‌ನಲ್ಲಿ ಭಾರತದಲ್ಲೇ ತುರ್ತುಪರಿಸ್ಥಿತಿ ಬಂದು, ಜಯಪ್ರಕಾಶ್ ನಾರಾಯಣ್ ಸಹಿತ ಅವರ ಹಳೆಯ ಗೆಳೆಯರು ಜೈಲು ಸೇರಿದರು. ಹೊರಗಿನ ನೆಲದಲ್ಲಿ ನಿಂತು ತನ್ನ ದೇಶದ ದೊರೆಯ ವಿರುದ್ಧ ಹೋರಾಡುವುದು ದೇಶದ ಅಸ್ತಿತ್ವಕ್ಕೇ ಕುತ್ತು ತರಬಹುದೆಂದು ಬಿ.ಪಿ.ಗೆ ಅನಿಸಿತು. 1976ರ ಡಿಸೆಂಬರ್ 30ರಂದು 'ರಾಷ್ಟ್ರೀಯ ಮೇಳಮಿಲಾಪ', ಅಂದರೆ ರಾಷ್ಟ್ರೀಯ ಸಾಮರಸ್ಯ ಎಂಬ ನೀತಿ ಘೋಷಿಸಿ, ಗಣೇಶ್‌ಮಾನ್ ಸಿಂಗ್ ಜೊತೆ ಕಠ್ಮಂಡುವಿನ ವಿಮಾನ ಹತ್ತಿದರು. ಮರಣದಂಡನೆಗೆ ಅವಕಾಶವಿದ್ದ ರಾಜದ್ರೋಹದ ಮೊಕದ್ದಮೆಗಳು ಕಾದಿದ್ದವು; ಗಂಟಲಿಗೆ ಕ್ಯಾನ್ಸರ್ ತಗಲಿತ್ತು. ತನ್ನ ಕೊರಳೂ ದೊರೆಯ ಕೊರಳೂ ಒಂದಕ್ಕೊಂದು ಜೋಡಿಕೊಂಡಿವೆ ಎಂಬರ್ಥದ ಅವರ ಮಾತು ಈ ಕಾಲದ್ದು.

ಇಳಿದ ಕೂಡಲೇ ಬಂಧನವಾಯಿತು. ಚಿಕಿತ್ಸೆಗೆ ಅಮೆರಿಕಕ್ಕೆ ಹೋಗಲು ದೊರೆ ಬೀರೇಂದ್ರ ಅನುಮತಿ ಕೊಟ್ಟರು. ಅಲ್ಲೇ ಉಳಿದುಬಿಡಬಹುದಿತ್ತು, ಉಳಿಯಲಿಲ್ಲ. 1977ರ ನವೆಂಬರ್‌ನಲ್ಲಿ ಮರಳಿದರು, ಮತ್ತೆ ಬಂಧನಕ್ಕೊಳಗಾದರು, 1978ರಲ್ಲಿ ಆರೋಪಮುಕ್ತರಾದರು. 1979ರ ವಿದ್ಯಾರ್ಥಿ ಚಳವಳಿಯ ನಂತರ ದೊರೆ ಜನಮತಗಣನೆ ಘೋಷಿಸಿದರು. 1980ರ ಮೇ 2ರಂದು ನಡೆದ ಮತದಾನದಲ್ಲಿ ಪಂಚಾಯತಿ ವ್ಯವಸ್ಥೆಗೆ ಸುಮಾರು ಶೇ 55, ಬಹುಪಕ್ಷ ವ್ಯವಸ್ಥೆಗೆ ಶೇ 45 ಮತ ಬಿದ್ದವು. ಅಕ್ರಮ ನಡೆದಿದೆ, ಫಲಿತಾಂಶ ಒಪ್ಪಬಾರದು ಎಂಬ ಕೂಗಿದ್ದರೂ ಬಿ.ಪಿ. ಅದನ್ನು ಒಪ್ಪಿದರು. ಎರಡು ವರ್ಷಗಳ ನಂತರ, 1982ರ ಜುಲೈ 21ರಂದು, ಕಠ್ಮಂಡುವಿನಲ್ಲಿ ತೀರಿಕೊಂಡರು. ಯಾವ ಪದವಿಯೂ ಇಲ್ಲದ ಅವರ ಅಂತ್ಯಯಾತ್ರೆಗೆ ಲಕ್ಷಾಂತರ ಜನ ಸೇರಿದರು.

ಸಾಲ ತೀರಲು ಹಿಡಿದ ಕಾಲ

1990ರಲ್ಲಿ ಗಣೇಶ್‌ಮಾನ್ ಸಿಂಗ್ ನೇತೃತ್ವದ ಚಳವಳಿ ಪಂಚಾಯತಿ ವ್ಯವಸ್ಥೆಯನ್ನು ಕೊನೆಗೊಳಿಸಿತು. ಮರುವರ್ಷ ಗಿರಿಜಾ ಪ್ರಸಾದ್ ಕೊಯಿರಾಲಾ ಪ್ರಧಾನಿಯಾದರು. ಆದರೆ ಆ ಸಲವೂ ಸಂವಿಧಾನ ಬರೆದದ್ದು ಆಯೋಗ, ಪ್ರಕಟಿಸಿದ್ದು ದೊರೆ. 2001ರ ಜೂನ್ 1ರ ಅರಮನೆ ಹತ್ಯಾಕಾಂಡದ ನಂತರ ಪಟ್ಟಕ್ಕೆ ಬಂದವರು, ಮೂರು ವರ್ಷದ ಮಗುವಾಗಿದ್ದಾಗ ರಾಣಾಗಳು ಕೂರಿಸಿದ್ದ ಅದೇ ಜ್ಞಾನೇಂದ್ರ. 2005ರ ಫೆಬ್ರುವರಿ 1ರಂದು ಅವರೂ ತಂದೆ ಮಹೇಂದ್ರರ ದಾರಿ ಹಿಡಿದು ಸರ್ಕಾರವನ್ನು ವಜಾ ಮಾಡಿ ಆಡಳಿತ ಕೈಗೆ ತೆಗೆದುಕೊಂಡರು. ಆಗ ಅವರು ಸಂಪುಟದ ಉಪಾಧ್ಯಕ್ಷರನ್ನಾಗಿ ಕರೆತಂದವರಲ್ಲಿ ಮುಪ್ಪಿನ ತುಳಸಿ ಗಿರಿಯೂ ಒಬ್ಬರು.

ಈ ಸಲ ಜನ ಸುಮ್ಮನಿರಲಿಲ್ಲ. 2006ರ ಏಪ್ರಿಲ್ ಚಳವಳಿಯ ಮುಂದೆ ಅರಮನೆ ಮಣಿಯಿತು. 2008ರ ಏಪ್ರಿಲ್ 10ರಂದು ನೇಪಾಳಿಗಳು ಸಂವಿಧಾನ ರಚನಾ ಸಭೆಗೆ ಮತ ಹಾಕಿದರು. ತ್ರಿಭುವನ್ ಮಾತು ಕೊಟ್ಟು ಐವತ್ತೇಳು ವರ್ಷಗಳಾಗಿದ್ದವು. ಮೇ 28ರ ಮೊದಲ ಸಭೆಯಲ್ಲೇ ರಾಜಪ್ರಭುತ್ವ ರದ್ದಾಯಿತು. ಸಂವಿಧಾನ ಪೂರ್ಣಗೊಳ್ಳಲು ಎರಡನೇ ಸಭೆಯೇ ಬೇಕಾಗಿ, ಅದು ಜಾರಿಗೆ ಬಂದದ್ದು 2015ರ ಸೆಪ್ಟೆಂಬರ್ 20ರಂದು.

1958ರಲ್ಲಿ ಬಿ.ಪಿ. ಒಪ್ಪಿದ್ದು ತಪ್ಪೇ? ಒಪ್ಪದಿದ್ದರೆ ಆ ಹದಿನೆಂಟು ತಿಂಗಳೂ ಇರುತ್ತಿರಲಿಲ್ಲ, ಬಿರ್ತಾ ರದ್ದತಿಯೂ ಆಗುತ್ತಿರಲಿಲ್ಲ, ತಮ್ಮ ಮತದಿಂದ ಸರ್ಕಾರ ಬರಬಹುದೆಂಬ ಅನುಭವವೂ ನೇಪಾಳಿಗಳಿಗೆ ಸಿಗುತ್ತಿರಲಿಲ್ಲ. ಒಪ್ಪಿದ್ದರಿಂದ, ಕೊಟ್ಟ ಕೈಗೇ ಕಿತ್ತುಕೊಳ್ಳುವ ಹಕ್ಕನ್ನೂ ಬಿಟ್ಟುಕೊಟ್ಟಂತಾಯಿತು. ಬಹುಮತ ಸರ್ಕಾರವನ್ನು ರಚಿಸಬಲ್ಲದು. ಸಂವಿಧಾನದ ಬೇರು ಜನರಲ್ಲಿಲ್ಲದಿದ್ದರೆ ಆ ಸರ್ಕಾರವನ್ನು ಬಹುಮತ ಕಾಯಲಾರದು. ಇದನ್ನು ಕಲಿಯಲು ನೇಪಾಳ ಅರ್ಧ ಶತಮಾನ ತೆಗೆದುಕೊಂಡಿತು. ರಾಜರು ಕಾಣದಂತಾದರೂ ಬಿ.ಪಿ. ಹೆಸರು ಅಲ್ಲಿ ಉಳಿದುಕೊಂಡಿದ್ದರೆ, ಆ ಪಾಠದ ಬೆಲೆಯಲ್ಲಿ ದೊಡ್ಡ ಪಾಲನ್ನು ತೆತ್ತವರು ಅವರು ಎಂಬುದೇ ಅದಕ್ಕೆ ಕಾರಣ.